ಮೆಮೊರಿ ಕಾರ್ಡ್ ಮತ್ತು ಗೂಂಡಾ ಕಾಯ್ದೆ

ಕರ್ನಾಟಕದ ಗೂಂಡಾ ಕಾಯ್ದೆಗೆ 2014ರಲ್ಲಿ ಒಂದು ತಿದ್ದುಪಡಿ ಬಂತು. ಕಳ್ಳಭಟ್ಟಿಯವರು, ಜೂಜುಕೋರರು, ಕೊಳೆಗೇರಿ ಜಾಗ ಕಬಳಿಸುವವರೆಲ್ಲ ಇದ್ದ ಪಟ್ಟಿಗೆ ‘ಡಿಜಿಟಲ್ ಅಪರಾಧಿ’ ಎಂಬ ಹೊಸಬನೂ ಸೇರಿದ. ಹಾಡು, ಸಿನಿಮಾ, ಪುಸ್ತಕ, ಸಾಫ್ಟ್‌ವೇರ್, ಯಾವುದರ ಹಕ್ಕುಸ್ವಾಮ್ಯವನ್ನಾದರೂ ಗೊತ್ತಿದ್ದೂ ವ್ಯಾಪಾರಕ್ಕಾಗಿ ಮುರಿದವನು ಈತ. ಅವನನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಇದು ಮಾಡಿದ ತಪ್ಪಿಗೆ ಶಿಕ್ಷೆ ಕೊಡುವ ಕಾಯ್ದೆಯಲ್ಲ. ಮುಂದೆ ಮಾಡಿಯಾನು ಎಂಬ ಅನುಮಾನಕ್ಕೇ ಹಿಡಿದು ಹಾಕುವ ಕಾಯ್ದೆ. ಪೈರಸಿಯಿಂದ ಕಂಗೆಟ್ಟ ಚಿತ್ರರಂಗಕ್ಕೆ ಬಿಗಿ ಕಾನೂನು ಬೇಕಿತ್ತು, ಸರ್ಕಾರ ಕೊಟ್ಟಿತು. ಹಾಡಿನ ವಿಷಯಕ್ಕೆ ಗೂಂಡಾ ಪಟ್ಟವೇ ಎಂದು ಜನ ಸಿಟ್ಟಿಗೆದ್ದರು.

ಆ ಸಿಟ್ಟು ಹೆಚ್ಚಾಗಿ ಬೆಂಗಳೂರಿನದು. ಅದನ್ನು ಘಟ್ಟದ ಅಂಚಿಗೆ ತಂದು ನೋಡಿದರೆ ಪ್ರಶ್ನೆಯ ಮುಖವೇ ಬೇರೆ. ಆ ಕಾಲಕ್ಕೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಾಡು ಬೇಕಾದವರು ಹೋಗುತ್ತಿದ್ದದ್ದು ಮೊಬೈಲ್ ಅಂಗಡಿಗೆ. ರೀಚಾರ್ಜು, ಝೆರಾಕ್ಸು, ಫೋನ್ ಕವರು. ಮೂಲೆಯಲ್ಲೊಂದು ಹಳೇ ಕಂಪ್ಯೂಟರು. ಅಂಗಡಿ ಹುಡುಗ ಮೆಮೊರಿ ಕಾರ್ಡನ್ನು ರೀಡರಿಗೆ ಸಿಕ್ಕಿಸಿ, ಹಳೇ ಕನ್ನಡ ಚಿತ್ರಗೀತೆ, ಭಾವಗೀತೆ, ಭಜನೆ, ಯಕ್ಷಗಾನ ಅಂತ ವಿಂಗಡಿಸಿಟ್ಟ ಫೋಲ್ಡರುಗಳಿಂದ ಗಿರಾಕಿ ಹೇಳಿದಷ್ಟು ತುಂಬಿಸಿ, ಇಪ್ಪತ್ತೋ ಮೂವತ್ತೋ ರೂಪಾಯಿ ಇಸಿದುಕೊಳ್ಳುತ್ತಿದ್ದ. ಯಾವ ಹಾಡಿಗೆ ಯಾರು ಹಕ್ಕುದಾರ ಎಂಬುದು ಅವನಿಗೂ ಬೇಡ, ಗಿರಾಕಿಗೂ ಬೇಡ. ಆ ಕಾರ್ಡು ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಮನೆಯ ಚಪ್ಪರದಡಿ ಸೇರುತ್ತಿತ್ತು. ಡಬ್ಬದ ಲೆಕ್ಕಕ್ಕೆ ಕೂಲಿ ಸಿಗುವ ಸುಲಿತದಲ್ಲಿ ಕೈ ನಿಲ್ಲುವಂತಿಲ್ಲ, ಕಣ್ಣು ಕತ್ತಿಯ ಮೇಲೆ. ಖಾಲಿ ಇರುವುದು ಕಿವಿ ಮಾತ್ರ. ಒಬ್ಬರ ಫೋನಿನಲ್ಲಿ ತಾಳಮದ್ದಳೆ ಕೇಳಿ ಮೆಚ್ಚಿದ ಪಕ್ಕದವರು ಅಲ್ಲೇ ಬ್ಲೂಟೂತಿನಲ್ಲಿ ಹಾಕಿಸಿಕೊಳ್ಳುವರು.

ಕಾನೂನಿನ ಅಕ್ಷರ ಹಿಡಿದರೆ ಅಂಗಡಿ ಹುಡುಗ ವ್ಯಾಪಾರಕ್ಕಾಗಿಯೇ ಹಕ್ಕುಸ್ವಾಮ್ಯ ಮುರಿದವನು. ಗೂಂಡಾ ಕಾಯ್ದೆ ಬೇಡ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮೇ ಅವನಿಗೆ ಸಾಕು: ಕನಿಷ್ಠ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಲಾಭಕ್ಕಲ್ಲದೆ ಮಾಡಿದ್ದರೆ ಕಡಿಮೆ ಶಿಕ್ಷೆ ಕೊಡಲು ನ್ಯಾಯಾಲಯಕ್ಕೆ ಅವಕಾಶವಿದೆ. ಬ್ಲೂಟೂತಿನಲ್ಲಿ ಹಾಡು ಕೊಟ್ಟವರಿಗೆ ಇರುವ ರಿಯಾಯಿತಿ ಅಷ್ಟೆ.

ಇನ್ನು ಹಾಡನ್ನು ದುಡ್ಡು ಕೊಟ್ಟೇ ಕೊಳ್ಳುತ್ತೇನೆ ಎಂದು ಹೊರಟವನಿಗಾದರೂ ದಾರಿ ಎಲ್ಲಿತ್ತು? ಕ್ಯಾಸೆಟ್ ಅಂಗಡಿಗಳು ಬಾಗಿಲು ಹಾಕಿದ್ದವು. ಆನ್‌ಲೈನಿನಲ್ಲಿ ಕೊಳ್ಳಲು ಬ್ಯಾಂಕ್ ಕಾರ್ಡು ಬೇಕಿತ್ತು, ಅದಕ್ಕಿಂತ ಮೊದಲು ನೆಟ್‌ವರ್ಕ್ ಬೇಕಿತ್ತು. ಶೃಂಗೇರಿ ಬಳಿಯ ಕಿಗ್ಗದ ಕಡೆ ಮಳೆಗಾಲದಲ್ಲಿ ಕರೆಂಟೇ ದಿನಗಟ್ಟಲೆ ಇರುವುದಿಲ್ಲ, ಟವರಿನ ಮಾತು ಬಿಡಿ. ಯಕ್ಷಗಾನದ ಕತೆ ಇನ್ನೂ ಬೇರೆ. ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ಭಾಗವತಿಕೆ ಆಮೇಲೆ ಹುಟ್ಟಿದವರ ಕಿವಿಗೂ ಬಿದ್ದಿದೆ ಎಂದರೆ, ಕ್ಯಾಸೆಟ್‌ನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್‌ನಿಂದ ಎಂಪಿ3ಗೆ ನಕಲು ಮಾಡಿಕೊಂಡವರ ಪಾಲು ಅದರಲ್ಲಿ ಸಣ್ಣದಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಗೂ ಇದೇ ಮಾತು. ಕಾನೂನು ಕಳ್ಳತನ ಎನ್ನುವ ಕೆಲಸವೇ ಇಲ್ಲಿ ಗ್ರಂಥಭಂಡಾರದ ಕೆಲಸವನ್ನೂ ಮಾಡಿದೆ. ಹಾಗೆಂದು ನಕಲಿಗೆಲ್ಲ ಪುಣ್ಯದ ಬಣ್ಣ ಬಳಿಯಲಾರೆ. ನಿನ್ನೆ ಬಿಡುಗಡೆಯಾದ ಸಿನಿಮಾದ ಹಾಡನ್ನು ಇವತ್ತು ಮಾರುವವನು ಯಾವ ಪರಂಪರೆಯನ್ನೂ ಕಾಪಾಡುತ್ತಿಲ್ಲ.

ಕೇಳುಗರ ಮೇಲೆ ಕೇಸು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಪಾಠ. ಅಲ್ಲಿನ ಧ್ವನಿಮುದ್ರಣ ಕಂಪನಿಗಳ ಸಂಘ 2003ರ ಸೆಪ್ಟೆಂಬರಿನಲ್ಲಿ ಒಂದೇ ಏಟಿಗೆ 261 ಜನರನ್ನು ಕೋರ್ಟಿಗೆಳೆಯಿತು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೊಬ್ಬಳಿದ್ದಳು. ತಾಯಿ 2,000 ಡಾಲರ್ ಕಟ್ಟಿ ರಾಜಿ ಮಾಡಿಕೊಂಡರು. 24 ಹಾಡು ಹಂಚಿದ್ದಕ್ಕೆ ಮಿನ್ನೆಸೋಟಾದ ಮಹಿಳೆಯೊಬ್ಬರಿಗೆ ಒಂದು ಹಂತದಲ್ಲಿ ವಿಧಿಸಿದ ಪರಿಹಾರ 19 ಲಕ್ಷ ಡಾಲರಿಗೂ ಮೇಲೆ. ಸುಮಾರು 35,000 ಜನರ ಮೇಲೆ ಕೈ ಮಾಡಿ, ಊರೆಲ್ಲ ಛೀ ಥೂ ಅನ್ನಿಸಿಕೊಂಡು, 2008ರ ಕೊನೆಗೆ ಆ ಸಂಘವೇ ಕೈಬಿಟ್ಟಿತು. ಹಂಚಿಕೆ ನಿಂತಿರಲಿಲ್ಲ.

ನಮ್ಮಲ್ಲಿ ಕಂಪನಿಗಳು ಕೇಳುಗನ ಮನೆ ಬಾಗಿಲಿಗೆ ಅಷ್ಟಾಗಿ ಬರಲಿಲ್ಲ. 2010ರಲ್ಲಿ ಟಿ-ಸೀರೀಸ್ ದೂರಿನ ಮೇಲೆ ಬೆಂಗಳೂರು ಪೊಲೀಸರು ಗುರೂಜಿ ಡಾಟ್ ಕಾಮ್ ಎಂಬ ಸರ್ಚ್ ಎಂಜಿನ್ನಿನ ಮುಖ್ಯಸ್ಥರನ್ನೇ ಬಂಧಿಸಿದರು. ಆ ತಾಣ ಮಾಡುತ್ತಿದ್ದದ್ದು ಹಾಡು ಎಲ್ಲಿದೆ ಎಂದು ತೋರಿಸುವ ಕೆಲಸ. 2022ರಲ್ಲಿ ಭಾರತ್ ಜೋಡೋ ಯಾತ್ರೆಯ ವಿಡಿಯೊಗೆ ‘ಕೆಜಿಎಫ್-2’ ಸಂಗೀತ ಬಳಸಿದರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಮೊಕದ್ದಮೆ ಹೂಡಿ, ಕಾಂಗ್ರೆಸ್ಸಿನ ಟ್ವಿಟರ್ ಖಾತೆ ತಡೆಯಲು ಆದೇಶ ತಂದಿತು. ಮರುದಿನವೇ ಹೈಕೋರ್ಟ್ ಅದನ್ನು ಬದಿಗಿಟ್ಟಿತು. ಈ ಎರಡನೆಯದನ್ನು ಜನ ಕ್ರಿಕೆಟ್ ನೋಡಿದಂತೆ ನೋಡಿದರೇ ಹೊರತು ಯಾರೂ ಬೀದಿಗಿಳಿಯಲಿಲ್ಲ. ದೊಡ್ಡವರು ದೊಡ್ಡವರ ಜೊತೆ ವ್ಯಾಜ್ಯವಾಡಿದರೆ ನಮಗೇನೂ ಅನ್ನಿಸುವುದಿಲ್ಲ. ಸಿಟ್ಟು ಬರುವುದು ಕಾನೂನಿನ ಕೈ ಸಣ್ಣವನ ಕಾಲರಿಗೆ ಬಂದಾಗ. ಹಕ್ಕುಸ್ವಾಮ್ಯವೇ ಬೇಡ ಎಂದು ಇದನ್ನು ಅರ್ಥ ಮಾಡಬಾರದು. ತೂಕ ತಪ್ಪಿತು ಎಂಬ ಆಕ್ಷೇಪ ಅದು, ಮತ್ತು ನನ್ನ ಮಟ್ಟಿಗೆ ಸರಿಯಾದ ಆಕ್ಷೇಪ.

ಜನರ ಇನ್ನೊಂದು ವಾದ ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗದು. ‘ಕೊಟ್ಟ ದುಡ್ಡು ಕಂಪನಿಗೆ ಹೋಗುತ್ತದೆ, ಕವಿಗೂ ಗಾಯಕನಿಗೂ ಏನು ಸಿಗುತ್ತದೆ?’ ಪ್ರಶ್ನೆಯಲ್ಲಿ ಹುರುಳಿದೆ. 1977ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಸಿನಿಮಾ ಹಾಡಿನ ಒಡೆತನ ನಿರ್ಮಾಪಕನದಾಗಿತ್ತು. ಅಲ್ಲಿಂದ ಹಕ್ಕು ಆಡಿಯೊ ಕಂಪನಿಗೆ ಮಾರಾಟವಾದರೆ ಮುಗಿಯಿತು. ಗೀತರಚನಕಾರ, ಸಂಗೀತ ನಿರ್ದೇಶಕರು ತಮ್ಮ ರಾಯಧನದ ಪಾಲನ್ನು ಬರೆದುಕೊಟ್ಟರೂ ಕಳೆದುಕೊಳ್ಳದಂತೆ ಕಾಯ್ದೆ ತಿದ್ದಿದ್ದು 2012ರಲ್ಲಿ. ಅಲ್ಲಿಯವರೆಗಿನ 35 ವರ್ಷ ಕನ್ನಡದ ಎಷ್ಟು ಒಳ್ಳೆಯ ಹಾಡುಗಳು ಬಂದವು ಎಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ. ಆದರೆ ಕಂಪನಿ ಕಲಾವಿದನಿಗೆ ಕೊಡಲಿಲ್ಲ ಎನ್ನುವ ನಾವು, ಕಂಪನಿಗೆ ತಪ್ಪಿಸಿದ ಆ ದುಡ್ಡನ್ನು ಕಲಾವಿದನ ಕೈಗೆ ಇಟ್ಟೆವೇ? ಇಲ್ಲ. ಕಂಪನಿಯ ಅನ್ಯಾಯ ನಮ್ಮ ಪುಕ್ಕಟೆಗೆ ಒಳ್ಳೆಯ ನೆಪವಾಯಿತು.

ಈಗ ಮೆಮೊರಿ ಕಾರ್ಡಿನ ವ್ಯಾಪಾರ ಬಹುಪಾಲು ನಿಂತಿದೆ. ನಿಲ್ಲಿಸಿದ್ದು ಪೊಲೀಸರಲ್ಲ, 2016ರ ನಂತರ ಅಗ್ಗವಾದ ಡೇಟಾ. ಅದೇ ಹಾಡುಗಳನ್ನು ಅದೇ ಕಂಪನಿಗಳು ಯೂಟ್ಯೂಬಿಗೆ ಹಾಕಿ ಜಾಹೀರಾತಿನಿಂದ ದುಡಿಯುತ್ತಿವೆ. ಮಾಲು ಕೈಗೆಟಕುವ ಬೆಲೆಗೆ ಕೈಗೆಟಕುವ ಜಾಗದಲ್ಲಿ ಸಿಕ್ಕರೆ ಕದಿಯುವವರು ತಾವಾಗಿಯೇ ಕಡಿಮೆಯಾಗುತ್ತಾರೆ ಎಂಬುದು ಆಡಿಯೊ ಉದ್ಯಮಕ್ಕೆ ಇಷ್ಟು ತಡವಾಗಿ ಹೊಳೆಯಬೇಕಿತ್ತೆ? ನೆಟ್‌ವರ್ಕ್ ಸಿಗದ ಮೂಲೆಗಳಲ್ಲಿ ಮಾತ್ರ ಹಳೇ ರೂಢಿ ಇನ್ನೂ ಉಳಿದಿದೆ, ಉಳಿಯುವುದು ಸಹಜ ಕೂಡ.

ಸಾವಿರಗಟ್ಟಲೆ ಸಿ.ಡಿ. ಅಚ್ಚು ಹಾಕಿಸಿ ಮಾರುವ ಜಾಲದ ಮೇಲೆ ಕೇಸು ಹಾಕಲಿ, ಅದಕ್ಕೆ 1957ರ ಕಾಯ್ದೆ ಧಾರಾಳವಾಗಿ ಸಾಕು. ಹಾಡಿನ ವಿಷಯಕ್ಕೆ ವಿಚಾರಣೆಯಿಲ್ಲದ ಬಂಧನ ಮಾತ್ರ ಬೇಡವೇ ಬೇಡ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿವೆ. ಮುಂದಿನ ಸಲ ಓಟು ಕೇಳಲು ಬಂದವರ ಹತ್ತಿರ ಟವರ್ ಯಾವಾಗ ಹಾಕಿಸುತ್ತೀರಿ ಎಂದು ಹೇಗೂ ಕೇಳುತ್ತೀರಿ. ಹಕ್ಕುಸ್ವಾಮ್ಯವನ್ನು ಗೂಂಡಾ ಕಾಯ್ದೆಯಿಂದ ಯಾವಾಗ ತೆಗೆಸುತ್ತೀರಿ ಎಂಬುದನ್ನೂ ಜೊತೆಗೆ ಕೇಳಿ.