ಎಂಟು ಗಂಟೆಯ ದೇಶಸಂಚಾರ

ಮಂಗಳೂರಿನ ಪಣಂಬೂರು ಬಂದರಿಗೆ ನವೆಂಬರಿನಿಂದ ಮೇ ತಿಂಗಳವರೆಗೆ ಆಗಾಗ ದೊಡ್ಡ ಪ್ರವಾಸಿ ಹಡಗುಗಳು ಬರುವ ಸುದ್ದಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. 1975ರಲ್ಲಿ ಉದ್ಘಾಟನೆಯಾದ ಈ ಬಂದರು ಮುಖ್ಯವಾಗಿ ಅದಿರು, ಎಣ್ಣೆ, ಕಲ್ಲಿದ್ದಲುಗಳ ರೇವು. ವಿಹಾರಕ್ಕೆಂದು ಬಂದವರು ಅಲ್ಲಿ ಒಂದು ಹಗಲಿನ ಅತಿಥಿಗಳು. ಬೆಳಗ್ಗೆ ಇಳಿದವರು ಸಂಜೆಗೆ ಮರಳಿ ಹಡಗು ಹತ್ತಬೇಕು. ಆ ನಡುವಣ ಹೊತ್ತಿನಲ್ಲಿ ಕನ್ನಡನಾಡನ್ನೇ ನೋಡಿಬಿಡಬೇಕೆಂದು ಕೆಲವರಿಗೆ ಆಸೆ. ಆಸೆಯನ್ನು ಯಾರೂ ಆಕ್ಷೇಪಿಸಲಾರರು, ತಪ್ಪುವುದು ಗಣಿತ. ಎಂಟು ಗಂಟೆಯ ಬಿಡುವೆಂದರೆ ಇಳಿಯುವಾಗಿನ ತಪಾಸಣೆಗೆ ಒಂದು ಗಂಟೆ ಕಳೆಯಿರಿ, ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಹಿಂದಿರುಗಬೇಕಾದುದರಿಂದ ಇನ್ನೊಂದನ್ನು ಕಳೆಯಿರಿ, ಊಟಕ್ಕೊಂದು. ಉಳಿದದ್ದು ಐದು. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುವುದುಂಟು. ಸ್ವಂತವಾಗಿ ಕಾರು ಗೊತ್ತುಮಾಡಿಕೊಂಡು ಹೋದವನು ಘಟ್ಟದಲ್ಲಿ ಸಿಕ್ಕಿಕೊಂಡರೆ ಅವನಿಗಾಗಿ ಯಾರೂ ಲಂಗರು ಹಿಡಿದು ಕೂರುವುದಿಲ್ಲ.

ಆದುದರಿಂದ ಬೇಲೂರು ಹಳೇಬೀಡುಗಳ ಮಾತನ್ನು ಮೊದಲೇ ಬಿಡತಕ್ಕದ್ದು. ಬೇಲೂರಿಗೆ ಸುಮಾರು 150 ಕಿ.ಮೀ., ನಡುವೆ ಘಟ್ಟ. ಮದನಿಕೆಯರ ಮುಂದೆ ನಿಂತು ಗಡಿಯಾರ ನೋಡಿಕೊಳ್ಳುವುದಕ್ಕಿಂತ ಹೋಗದಿರುವುದೇ ಲೇಸು. ಮೂಡಬಿದಿರೆ, ಕಾರ್ಕಳಗಳ ದಾರಿಯೇ ಐದು ಗಂಟೆಗೆ ಅಳೆದು ಮಾಡಿದಂತಿದೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದು; ಕಾರ್ಕಳದಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಗೊಮ್ಮಟ 1432ರದು. ಎರಡೇ ವರ್ಷಗಳ ಅಂತರದಲ್ಲಿ, ಒಂದೇ ರಸ್ತೆಯ ಮೇಲೆ, ತುಳುನಾಡಿನ ಜೈನರು ಬಸದಿಯೊಳಗಣ ನೆರಳನ್ನೂ ಬೆಟ್ಟದ ಮೇಲಣ ಬಯಲನ್ನೂ ಒಟ್ಟಿಗೆ ಆರಿಸಿಕೊಂಡರೆಂಬುದು ನನಗೆ ಎಂದಿಗೂ ತೀರದ ಸೋಜಿಗ. ಮೊದಲು ಬಸದಿಯ ಕಂಬಗಳ ನಡುವೆ ಸುತ್ತಾಡಿ ಅನಂತರ ಗೊಮ್ಮಟನ ಬೆಟ್ಟವೇರಿದರೆ ಆ ಬಯಲಿನ ಬೆಲೆ ತಿಳಿಯುತ್ತದೆ. ಆದರೆ ಬೆಟ್ಟವು ಬೆಟ್ಟವೇ. ಕಾಲುನೋವಿನವರು ಮಂಗಳೂರಿನಲ್ಲಿಯೇ ಉಳಿದು ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿ ಬರೆದ ಭಿತ್ತಿಚಿತ್ರಗಳನ್ನು ಕತ್ತೆತ್ತಿ ನೋಡಬಹುದು.

ಈ ಲೆಕ್ಕವೆಲ್ಲ ನನಗೆ ಗಂಟುಬಿದ್ದದ್ದು ಬೂದಿಕೋಟೆಯ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಅವನು ಅಂಥದೊಂದು ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಒಂಬತ್ತು ತಿಂಗಳಾಗಿತ್ತು ತಾಯಿಯನ್ನು ಕಂಡು. ಹಡಗು ಮಂಗಳೂರಿಗೆ ಬರುವುದೆಂದು ಗೊತ್ತಾದಾಗ ದೂರವಾಣಿಯಲ್ಲಿ ಕೇಳಿದ: “ಸಾರ್, ನನಗೆ ನಾಲ್ಕು ಗಂಟೆ ಬಿಡುವು ಕೊಡುತ್ತಾರೆ. ಊರಿಗೆ ಬರುವುದಾಗದು. ಅಮ್ಮನನ್ನೇ ಕರೆಸಿಕೊಳ್ಳುತ್ತೇನೆ. ಕಾರ್ಕಳ ತೋರಿಸಲೇ?” ಆಕೆಗೆ ಅರವತ್ತು ದಾಟಿದೆ, ಮೊಣಕಾಲು ಹಿಡಿದಿದೆ; ಬೂದಿಕೋಟೆಯಿಂದ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು, ಮತ್ತೆ ಇಡೀ ರಾತ್ರಿಯ ಬಸ್ಸು. ಅಷ್ಟು ದೂರ ಕುಲುಕಿಸಿಕೊಂಡು ಬಂದವಳನ್ನು ಮತ್ತೆ ಎರಡು ಗಂಟೆ ಕಾರಿನಲ್ಲಿ ಕೂರಿಸುವುದೇ? ಬೇಡವೆಂದೆ. ಕದ್ರಿಯ ಮಂಜುನಾಥನ ದರ್ಶನ ಮಾಡಿಸು, 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹ ಅಲ್ಲಿದೆ, ಅದನ್ನು ನೀನೂ ಕಣ್ಣು ತುಂಬ ನೋಡು. ಉಳಿದ ಹೊತ್ತೆಲ್ಲ ಪಣಂಬೂರಿನ ಕಡಲ ದಂಡೆಯಲ್ಲಿ ಕಳೆಯಿರಿ ಎಂದೆ.

ಹಾಗೆಯೇ ಮಾಡಿದರು. ಆಕೆ ಅದುವರೆಗೆ ಸಮುದ್ರ ಕಂಡವಳಲ್ಲ. ದೂರದ ಹಡಗನ್ನು ಬಹಳ ಹೊತ್ತು ನೋಡಿ, “ನೀನು ಮಲಗೋ ಕೋಣೆಯ ಕಿಟಕಿ ಯಾವುದಪ್ಪಾ?” ಎಂದು ಕೇಳಿದಳಂತೆ. ಕೆಲಸಗಾರರ ಕೋಣೆಗಳು ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ, ಅವಕ್ಕೆ ಕಿಟಕಿಯಿಲ್ಲ. ಮಗ ಮೇಲಿನ ಸಾಲಿನಲ್ಲಿ ಒಂದು ಕಿಟಕಿಯತ್ತ ಬೆರಳು ತೋರಿಸಿದನಂತೆ. ಇದನ್ನು ಅವನೇ ನನಗೆ ಹೇಳಿದ. ನಾನು ಏನೂ ಹೇಳಲಿಲ್ಲ.

ಇನ್ನು ನಮ್ಮ ಕಡೆಯ ಮಾತು. ಕಡಲಿಲ್ಲದ ಸೀಮೆಯಾದರೂ ನಮಗೂ ಒಂದು ರೇವುಂಟು, ಅದು ಬಂಗಾರಪೇಟೆ ಜಂಕ್ಷನ್. ಬೆಂಗಳೂರು–ಜೋಲಾರಪೇಟೆ ರೈಲುದಾರಿ 1864ರಲ್ಲಿ ತೆರೆಯಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಬೆಳಗಿನ ರೈಲಿಗೆ ಇಳಿದು ರಾತ್ರಿಯ ರೈಲಿಗೆ ಹತ್ತುವವರು ಕೋಟಿಲಿಂಗ, ಚಿನ್ನದ ಗಣಿ, ಅಂತರಗಂಗೆ, ಆವಣಿ, ಕುರುಡುಮಲೆ ಎಲ್ಲವನ್ನೂ ಪಟ್ಟಿಮಾಡಿಕೊಂಡು ಬರುತ್ತಾರೆ. ಆವಣಿ, ಕುರುಡುಮಲೆಗಳು ಮುಳಬಾಗಿಲ ದಿಕ್ಕಿನವು. ಅವಕ್ಕೆ ಬೇರೆಯೇ ಒಂದು ದಿನ ಬೇಕು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಮೂರು ಕಿ.ಮೀ.ಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫಿನೊಳಕ್ಕೆ ಈಗ ಪ್ರವಾಸಿಗೆ ಪ್ರವೇಶವಿಲ್ಲ. ದೂರದಿಂದ ಕಾಣುವುದು ಸಯನೈಡ್ ಮಣ್ಣಿನ ದಿಬ್ಬಗಳು. ಅವುಗಳ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುವ ಹುಚ್ಚನ್ನು ಯಾರೂ ಮಾಡಬಾರದು; ಆ ದೂಳು ಊರವರಿಗೇ ಸಾಕಾಗಿದೆ.

ನನ್ನ ಆಯ್ಕೆ ಬೂದಿಕೋಟೆ ಮತ್ತು ಕೋಲಾರ. ಬೂದಿಕೋಟೆಯಲ್ಲಿ ಹೈದರಾಲಿ ಹುಟ್ಟಿದ. ಹುಟ್ಟಿದ ವರ್ಷದ ವಿಷಯದಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ತಂದೆ ಫತೇ ಮಹಮ್ಮದನು ಶಿರಾದ ನವಾಬನ ಸೇವೆಯಲ್ಲಿದ್ದವನು. ಅವನ ಗೋರಿ ಕೋಲಾರದ ಮಕ್ಬರಾದಲ್ಲಿದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ ದೇಹವನ್ನು ತಂದು ಮೊದಲಿರಿಸಿದ್ದೂ ಇಲ್ಲಿಯೇ. ಶ್ರೀರಂಗಪಟ್ಟಣದ ಗುಂಬಜಿಗೆ ಒಯ್ದದ್ದು ಆಮೇಲೆ. ತೊಟ್ಟಿಲೂ ಗೋರಿಯೂ ಒಂದೇ ಹಗಲಿನ ದಾರಿಯಲ್ಲಿ ಸಿಗುವ ಅರಸರು ಎಷ್ಟು ಮಂದಿ? ಬೂದಿಕೋಟೆಯಲ್ಲಿ ಅರಮನೆಯನ್ನು ನಿರೀಕ್ಷಿಸಿ ಬಂದವರು ಮುಖ ಸಪ್ಪೆಮಾಡಿಕೊಳ್ಳುತ್ತಾರೆ. ಉಳಿದಿರುವುದು ಕೋಟೆಯ ಅವಶೇಷ, ಬಂಡೆ, ಕುರುಚಲು, ಸುತ್ತ ರಾಗಿಯ ಹೊಲ. ಇಷ್ಟು ಸಣ್ಣ ಊರಿನಿಂದ ಹೊರಟವನು ಮೈಸೂರನ್ನು ಆಳಿದನೆಂಬುದನ್ನು ನೆನೆಯುತ್ತ ಒಂದು ಗಂಟೆ ಕೂರಬಲ್ಲವರು ಮಾತ್ರ ಹೋಗಲಿ.

ದೇವಾಲಯಗಳು ನಡುಹಗಲು ಬಾಗಿಲು ಹಾಕುವುದರಿಂದ ಕೋಲಾರಮ್ಮ, ಸೋಮೇಶ್ವರ, ಮಕ್ಬರಾಗಳನ್ನು ಬೆಳಗ್ಗೆಯೇ ಮುಗಿಸಿ, ಬಿಸಿಲಿಳಿದ ಮೇಲೆ ಬೂದಿಕೋಟೆಗೆ ಹೊರಡುವುದು ಅನುಕೂಲ. ಹಿಂದಿರುಗುವ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಕಂಡಕ್ಟರನಿಂದ ಕೇಳಿಟ್ಟುಕೊಳ್ಳಿರಿ. ರೈಲಿಗೆ ಅರ್ಧ ಗಂಟೆ ಉಳಿದರೆ ಬಂಗಾರಪೇಟೆಯ ಪಾನಿಪುರಿ ಇದ್ದೇ ಇದೆ. ಅದರ ಪಾನಿ ಬಣ್ಣವಿಲ್ಲದೆ ಕೊಳಾಯಿಯ ನೀರಿನಂತೆ ಕಾಣುತ್ತದೆ, ಖಾರ ಮಾತ್ರ ಕಡಮೆಯಲ್ಲ.