ಎಲ್ಲರಂತೆ ಇರುವ ಹಕ್ಕು

ಕೆನಡಾದ ವಾಟರ್ಲೂನ ನಮ್ಮ ಮನೆಯಿಂದ ಕೇಂಬ್ರಿಜ್‌ನಲ್ಲಿರುವ ನನ್ನ ಆಫೀಸಿಗೆ ಕಾರಿನಲ್ಲಿ 25 ನಿಮಿಷ. 2021ರ ಅಕ್ಟೋಬರ್ 1ರಂದು ರ‍್ಯಾಪರ್ ಶ್ಯಾಡ್‌ನ ಆಲ್ಬಮ್ ‘ಟಾವ್’ ಬಂದ ಮೇಲೆ ಅದನ್ನು ಹೋಗುವಾಗ ಅರ್ಧ, ಬರುವಾಗ ಅರ್ಧ ಕೇಳುತ್ತಿದ್ದೆ. ಮೂರು ವಾರವಾದರೂ ಬೇಸರ ಬರಲಿಲ್ಲ. ಅದರಲ್ಲಿ ‘ಬ್ಲ್ಯಾಕ್ ಆವರೇಜ್‌ನೆಸ್’ ಎಂಬ ಹಾಡೊಂದಿದೆ. ಮೊದಲ ದಿನ ಆಫೀಸು ತಲುಪಿದ ಮೇಲೂ ಎಂಜಿನ್ ಆರಿಸಲು ಮನಸ್ಸಾಗದೆ, ಪಾರ್ಕಿಂಗ್ ಜಾಗದಲ್ಲೇ ಕೂತು ಆ ಹಾಡನ್ನು ಇನ್ನೊಮ್ಮೆ ಹಾಕಿಕೊಂಡೆ. ಮೇಪಲ್ ಎಲೆಗಳು ಗಾಜಿನ ಮೇಲೆ ಬಿದ್ದು ಅಂಟಿಕೊಳ್ಳುತ್ತಿದ್ದವು. ಐದು ನಿಮಿಷ ತಡವಾಗಿ ಒಳಗೆ ಹೋದೆ.

ಶ್ಯಾಡ್, ಅಂದರೆ ಶ್ಯಾಡ್ರಾಕ್ ಕಬಾಂಗೊ, ಹುಟ್ಟಿದ್ದು 1982ರಲ್ಲಿ, ಕೀನ್ಯಾದಲ್ಲಿ. ತಂದೆ-ತಾಯಿ ರುವಾಂಡಾದವರು. ಬೆಳೆದದ್ದು ಒಂಟಾರಿಯೊ ಪ್ರಾಂತ್ಯದ ಲಂಡನ್ ಊರಿನಲ್ಲಿ, ಓದಿದ್ದು ನಾನಿರುವ ವಾಟರ್ಲೂನಲ್ಲೇ. ಇಲ್ಲಿನ ರೇಡಿಯೊ ಸ್ಪರ್ಧೆಯೊಂದರಲ್ಲಿ ಗೆದ್ದ 17,500 ಡಾಲರ್ ಹಾಕಿ 2005ರಲ್ಲಿ ತನ್ನ ಮೊದಲ ಆಲ್ಬಮ್ ಹೊರತಂದ. ಅದರಲ್ಲಿ ರುವಾಂಡಾದ ನರಮೇಧದ ಬಗ್ಗೆ ಒಂದು ಹಾಡಿದೆ. ಅದರ ನಡುವೆ ಅವನ ತಾಯಿ ತಾವೇ ಬರೆದ ಕವಿತೆಯನ್ನು ಓದುತ್ತಾರೆ. ರ‍್ಯಾಪ್ ಎಂದರೆ ಬೈಗುಳ, ಬಡಾಯಿ ಎಂದು ನನ್ನೊಂದಿಗೆ ವಾದಿಸುವವರಿಗೆಲ್ಲ ನಾನು ಮೊದಲು ಕೇಳಿಸುವುದು ಅದನ್ನೇ.

ನಾನು ತಿಪಟೂರಿನಿಂದ ಇಲ್ಲಿಗೆ ಬಂದದ್ದು 2009ರಲ್ಲಿ. ಬಸ್ಸಿನ ಚಿಲ್ಲರೆಯನ್ನೂ ಎಣಿಸಿ ಇಡುತ್ತಿದ್ದ ಚಳಿಗಾಲ ಅದು. ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆಂದು ತಂದ ಸೀಡಿಗಳಲ್ಲಿ ಶ್ಯಾಡ್‌ನ ‘ದಿ ಓಲ್ಡ್ ಪ್ರಿನ್ಸ್’ ಇತ್ತು. ಇಪ್ಪತ್ತೈದರ ಆಸುಪಾಸಿನ ಹುಡುಗ, ಇನ್ನೂ ಅಪ್ಪ-ಅಮ್ಮನ ಮನೆಯಲ್ಲೇ ಇದ್ದೇನೆ, ಕೈಯಲ್ಲಿ ಕಾಸಿಲ್ಲ ಎಂದು ನಗುನಗುತ್ತಾ ಹಾಡುತ್ತಿದ್ದ. ಚಿನ್ನದ ಸರವಿಲ್ಲ, ದೊಡ್ಡ ಕಾರಿಲ್ಲ. ಪರದೇಶದಲ್ಲಿ ಯಾರೋ ನಮ್ಮ ಅಡುಗೆಮನೆಯೊಳಗೆ ಬಂದು ಸ್ಟೂಲು ಎಳೆದುಕೊಂಡು ಕೂತ ಹಾಗೆ ಅನ್ನಿಸಿತು. ಅಂದಿನಿಂದ ಅವನ ಒಂದು ಆಲ್ಬಮ್ಮನ್ನೂ ಬಿಟ್ಟವಳಲ್ಲ.

ಮೊದಲು ಹೇಳಿದ ಹಾಡಿಗೆ ಬರುತ್ತೇನೆ. ‘ಬ್ಲ್ಯಾಕ್ ಎಕ್ಸಲೆನ್ಸ್’ ಎಂಬ ಮಾತು ಉತ್ತರ ಅಮೆರಿಕದಲ್ಲೆಲ್ಲ ಕೇಳಿಬರುತ್ತದೆ. ಕಪ್ಪು ಜನರ ಶ್ರೇಷ್ಠ ಸಾಧನೆಯನ್ನು ಎತ್ತಿ ಹೇಳುವ ಮಾತು. ಶತಮಾನಗಳ ಅವಮಾನಕ್ಕೆ ಕೊಟ್ಟ ಉತ್ತರ ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಶ್ಯಾಡ್ ಅದರ ಪಕ್ಕಕ್ಕೇ ‘ಆವರೇಜ್‌ನೆಸ್’, ಅಂದರೆ ಸಾಧಾರಣತನವನ್ನು ತಂದು ನಿಲ್ಲಿಸಿ, ಅದಕ್ಕೂ ಒಂದು ಹಬ್ಬ ಮಾಡುತ್ತಾನೆ. ಕಪ್ಪು ಮನುಷ್ಯನೊಬ್ಬ ಪದಕ ಗೆಲ್ಲದೆ, ಯಾರಿಗೂ ಮಾದರಿಯಾಗದೆ, ಎಲ್ಲರ ಹಾಗೆ ಬದುಕಿದರೂ ಅವನ ಘನತೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ ಎಂದೇ ನನಗದು ಕೇಳಿಸುತ್ತದೆ.

ಹೇಳುತ್ತಿರುವವನು ಯಾರು ನೋಡಿ. ಕೆನಡಾದ ಸಂಗೀತ ಪ್ರಶಸ್ತಿ ಜೂನೊದ 2011ರ ಸಮಾರಂಭವನ್ನು ನಿರೂಪಿಸಿದವನು ಹೆಸರಾಂತ ರ‍್ಯಾಪರ್ ಡ್ರೇಕ್. ಅವತ್ತು ಆರು ನಾಮನಿರ್ದೇಶನಗಳಿದ್ದರೂ ಅವನಿಗೆ ಒಂದೂ ದಕ್ಕಲಿಲ್ಲ. ರ‍್ಯಾಪ್ ವಿಭಾಗದ ಪ್ರಶಸ್ತಿ ಹೋದದ್ದು ಶ್ಯಾಡ್‌ನ ಆಲ್ಬಮ್ಮಿಗೆ. ಶ್ಯಾಡ್ ಸ್ನಾತಕೋತ್ತರ ಪದವೀಧರ. ಕೆನಡಾದ ಸಿಬಿಸಿ ರೇಡಿಯೊದ ಹೆಸರಾಂತ ಕಾರ್ಯಕ್ರಮ ನಡೆಸಿದವನು. ಅವನು ನಿರೂಪಿಸಿದ ‘ಹಿಪ್-ಹಾಪ್ ಎವಲ್ಯೂಷನ್’ ಸಾಕ್ಷ್ಯಚಿತ್ರ ಸರಣಿಗೆ ಅಂತರರಾಷ್ಟ್ರೀಯ ಎಮ್ಮಿ ಬಂದಿದೆ. ಇಷ್ಟೆಲ್ಲ ಪಡೆದವನು ಈ ಮಾತು ಹೇಳಿದರೆ ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಯಾರೂ ತಳ್ಳಿಹಾಕುವಂತಿಲ್ಲ.

ಹಾಡು ಕೇಳುತ್ತಾ, ತುಮಕೂರಿನ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ನೆನಪಾದಳು. ಹಾಸ್ಟೆಲಿನಿಂದ ಬರುತ್ತಿದ್ದ ದಲಿತ ಹುಡುಗಿ. ನನಗೆ 58 ಅಂಕ ಬಂದರೆ ಅದು ನನ್ನೊಬ್ಬಳ 58. ಅವಳಿಗೆ 58 ಬಂದರೆ ಅವಳ ಕೇರಿಯೆಲ್ಲ ಅಷ್ಟೇ ಎಂಬಂತೆ ಜನ ಮಾತಾಡುತ್ತಿದ್ದರು. ಹಾಗಾಗಿ ಅವಳು ಬೀದಿದೀಪದ ಕೆಳಗೂ ಓದುತ್ತಿದ್ದಳು. ಅವಳ ಕಷ್ಟವೂ ಕೆನಡಾದ ಕಪ್ಪು ಜನರ ಕಷ್ಟವೂ ಒಂದೇ ಎಂದು ನಾನು ಹೇಳಲಾರೆ. ಎರಡರ ಚರಿತ್ರೆ ಬೇರೆ. ಆದರೆ ಸಾಧಾರಣವಾಗಿ ಇರುವುದೂ ಒಂದು ಸವಲತ್ತು, ಅದು ನನಗೆ ಹುಟ್ಟಿನಿಂದಲೇ ಸಿಕ್ಕಿತ್ತು, ಅವಳಿಗೆ ಸಿಕ್ಕಿರಲಿಲ್ಲ ಎಂಬುದು ನನಗೆ ತಿಳಿದದ್ದು ಈ ಹಾಡಿನಿಂದ. ಇಷ್ಟು ವರ್ಷ ಬೇಕಾಯಿತು.

ವಲಸೆ ಬಂದ ನಾವೂ ಇಲ್ಲಿ ನಮ್ಮ ಮಕ್ಕಳಿಗೆ ಶ್ರೇಷ್ಠರಾಗಲೇಬೇಕೆಂಬ ಇದೇ ಹೊರೆ ಹೊರಿಸುತ್ತೇವೆ. ಸ್ಪೆಲ್ಲಿಂಗ್ ಸ್ಪರ್ಧೆ, ಗಣಿತದ ಟ್ಯೂಷನ್, ಈಜು, ಭರತನಾಟ್ಯ. ಶನಿವಾರ, ಭಾನುವಾರಗಳೆಲ್ಲ ಕಾರಿನಲ್ಲೇ ಕಳೆಯುತ್ತವೆ. ನಾವು ಇಷ್ಟು ಕಷ್ಟಪಟ್ಟು ಬಂದದ್ದು ನೀನು ಎಲ್ಲರಂತೆ ಆಗಲಿ ಅಂತಲಾ ಎಂದು ಕೇಳುತ್ತೇವೆ. ಹೌದು, ಯಾಕಾಗಬಾರದು? ನಾನು ಲಾರಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇದ್ದೇನೆ. ತಿಂಗಳ ಕೊನೆಗೆ ಚಾಲಕರ ಸಂಬಳ ಒಂದು ಪೈಸೆ ತಪ್ಪದೆ ಹೋಗುವಂತೆ ನೋಡಿಕೊಳ್ಳುತ್ತೇನೆ. ಅದು ಒಳ್ಳೆಯ ಕೆಲಸ.

‘ಟಾವ್’ ಆಲ್ಬಮ್ಮಿನ ಉಳಿದ ಹಾಡುಗಳೂ ನನ್ನನ್ನು ಬಿಡುತ್ತಿಲ್ಲ. ವೃತ್ತವೊಂದು ಚೂರುಚೂರಾಗಿ, ಆ ಚೂರುಗಳು ಒಂದಕ್ಕೊಂದು ದೂರ ತೇಲಿಹೋಗುವ ಚಿತ್ರದಿಂದ ಈ ಆಲ್ಬಮ್ ಹುಟ್ಟಿತಂತೆ. ಕೆಲಸ, ದೇಹ, ದೇವರು, ಒಬ್ಬರಿಗೊಬ್ಬರು, ಯಾವುದರ ನಂಟು ಎಲ್ಲಿ ಕಡಿದುಹೋಯಿತು ಎಂದು ಹುಡುಕಿಕೊಂಡು ಹೋಗುತ್ತದೆ. ಕೊರೊನಾ ಕಾಲದಲ್ಲಿ ನಂಟು ಕಡಿಯುವುದೆಂದರೇನೆಂದು ವಿವರಿಸಿ ಹೇಳಬೇಕಾಗಿರಲಿಲ್ಲ. ಕೆನಡಾ 2021ರ ಏಪ್ರಿಲ್ 22ಕ್ಕೆ ಭಾರತದ ವಿಮಾನಗಳನ್ನು ನಿಲ್ಲಿಸಿತು, ಮತ್ತೆ ಬಿಟ್ಟದ್ದು ಸೆಪ್ಟೆಂಬರ್ 27ಕ್ಕೆ. ಆ ಐದು ತಿಂಗಳು ಅಮ್ಮನನ್ನು ಫೋನಿನ ಪರದೆಯಲ್ಲಿ, ಅದೂ ಬಹಳ ಸಲ ಬರೀ ಹಣೆ ಮತ್ತು ಫ್ಯಾನನ್ನು, ನೋಡಿದೆ. ‘ಔಟ್ ಆಫ್ ಟಚ್’ ಹಾಡು ಬಂದಾಗ ಒಮ್ಮೊಮ್ಮೆ ಕೇಳುವುದಕ್ಕಾಗದೆ ಮುಂದಕ್ಕೆ ಹೋಗಿಬಿಡುತ್ತೇನೆ.

ಹಳೆಯ ಶ್ಯಾಡ್‌ನ ಲವಲವಿಕೆ ಇದರಲ್ಲಿ ಕಡಿಮೆ ಎನ್ನುವವರು ಇದ್ದಾರೆ. ಅದು ಬಂದಾಗ ಅವನಿಗೂ ನಲವತ್ತು ಹತ್ತಿರವಾಗಿತ್ತು, ನನಗೂ ಆಗಿತ್ತು. ಅಮ್ಮನ ಮನೆಯಲ್ಲಿದ್ದ ಹುಡುಗನನ್ನೇ ಮತ್ತೆ ಮತ್ತೆ ಹಾಡು ಎಂದು ಕೇಳುವುದು ಅಭಿಮಾನವಲ್ಲ.

ಆ ದಿನಗಳ ಒಂದು ಭಾನುವಾರ ಅಮ್ಮ ಫೋನ್ ಮಾಡಿದಾಗ ಎಂದಿನಂತೆ ನನ್ನ ಮಗನ ಬಗ್ಗೆ ಕೇಳಿದರು, “ಪರೀಕ್ಷೆ ಆಯ್ತಂತಲ್ಲೇ, ಎಷ್ಟು ಬಂತು ಕೂಸಿಗೆ?”

“ಎಲ್ಲರ ಹಾಗೆ ಬಂದಿದೆ ಅಮ್ಮ.”

ಒಂದು ಕ್ಷಣ ಫ್ಯಾನಿನ ಸದ್ದಷ್ಟೇ ಕೇಳಿಸಿತು. ಆಮೇಲೆ ಅಮ್ಮ, “ಊಟ ಸರಿಯಾಗಿ ಮಾಡ್ತಾನಾ?” ಅಂದರು.