ಯಜಮಾನರ ರಕ್ತಪರೀಕ್ಷೆ

ಮೊಳಕೆ ನೋಡದೆ ಬೀಜ ಬಿತ್ತದ ಹಿರಿಯ ಯಜಮಾನರು ತಮ್ಮ ರಕ್ತವನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಿಕೊಳ್ಳದಿರುವುದು ಸೋಜಿಗವೇ ಸರಿ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗದ ವೈರಸ್ಸು ಗೊತ್ತಾದುದೇ 1989ರಲ್ಲಿ. ಅದಕ್ಕೆ ಮುಂಚೆ ರಕ್ತ ಹಾಕಿಸಿಕೊಂಡವರು, ಒಂದೇ ಸೂಜಿಯನ್ನು ಸರಿಯಾಗಿ ಕುದಿಸದೆ ಹಲವರಿಗೆ ಚುಚ್ಚುತ್ತಿದ್ದ ಕಾಲದವರು ಅಲಕ್ಷ್ಯ ಮಾಡಲಾಗದು. ಬಾಲ್ಯದಲ್ಲಿ ಈ ಲೇಖಕನೂ ಅಂತಹ ಸೂಜಿಗೆ ತೋಳೊಡ್ಡಿದ್ದುಂಟು. ತೊಲೆಯೊಳಗಣ ಗೆದ್ದಲಿನಂತೆ ಈ ರೋಗವು ಇಪ್ಪತ್ತು ಮೂವತ್ತು ವರ್ಷ ಯಾವ ಬಾಧೆಯನ್ನೂ ತೋರದೆ ಯಕೃತ್ತನ್ನು ಕೆಡಿಸಬಲ್ಲುದು. ಕಾಮಾಲೆ ಕಾಣಲೆಂದು ಕಾದರೆ ಹೊತ್ತು ಮೀರಿರಬಹುದು. ಇದಕ್ಕೆ ಲಸಿಕೆಯಿಲ್ಲ. ಆದರೆ ಸಾಮಾನ್ಯವಾಗಿ 12 ವಾರ ಗುಳಿಗೆ ಸೇವಿಸಿದವರಲ್ಲಿ ನೂರಕ್ಕೆ ಸುಮಾರು 95 ಮಂದಿ ಗುಣಹೊಂದುವರು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಪರೀಕ್ಷೆ, ಔಷಧ ಎರಡೂ ಉಚಿತ. ಗ್ರಾಮದ ಮುಖಂಡರು ತಾವೇ ಮೊದಲು ಜಿಲ್ಲಾಸ್ಪತ್ರೆಗೆ ಹೋಗಿಬಂದರೆ ಉಳಿದವರ ಸಂಕೋಚವು ಕಳೆಯುವುದು. ಸುಗ್ಗಿಯ ತರುವಾಯದ ಬಿಡುವಿನಲ್ಲಿ ಒಂದು ದಿನ ಸಾಕು.